ತೊಗಲಿನ ಮೇಲಿನ ಬೆರಳಚ್ಚು

ನಮ್ಮ ಕೃಷ್ಣರಾಜಪೇಟೆ ಸೀಮೆಯ ಹೇಮಗಿರಿಯ ದನಗಳ ಜಾತ್ರೆಯಲ್ಲಿ ಎತ್ತು ಮಾರಿದ ರೈತನೊಬ್ಬನ ಚರ್ಮದ ಹಣದ ಚೀಲ ಕಳುವಾಗಿ, ಬರಿದಾದ ಚೀಲ ಬೇಲಿಯ ಬದಿಯಲ್ಲಿ ಸಿಕ್ಕಿತೆಂದಿಟ್ಟುಕೊಳ್ಳೋಣ. ಸಿಕ್ಕಿದವರು ಮೊದಲು ಮಾಡುವುದೇನು? ಧೂಳು ಕೊಡವಿ, ಪಂಚೆಯ ಅಂಚಿನಿಂದ ಒರೆಸಿ, ತೆರೆದು ನೋಡಿ, ಮತ್ತೊಬ್ಬರ ಕೈಗೆ ಕೊಡುವುದು! ಬೆರಳಚ್ಚು ತಜ್ಞರೂ ಶ್ವಾನದಳವೂ ಸ್ಥಳಕ್ಕೆ ಬಂದುಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುವ ನಾವು, ಆ ತಜ್ಞರಿಗಾಗಿ ಏನನ್ನು ಉಳಿಸಿದ್ದೇವೆಂದು ಯೋಚಿಸುವುದು ವಿರಳ.

ಬೆರಳ ತುದಿಯ ಏಣುಗಳ ಮೇಲೆ ಸೂಕ್ಷ್ಮವಾದ ಬೆವರಿನ ರಂಧ್ರಗಳಿವೆ. ಬೆವರಿನಲ್ಲಿ ನೀರಲ್ಲದೆ ಲವಣ ಹಾಗೂ ಅಮೈನೋ ಆಮ್ಲಗಳೂ ಇರುತ್ತವೆ. ಮುಖವನ್ನೋ ತಲೆಯನ್ನೋ ಮುಟ್ಟಿದ ಬೆರಳಿಗೆ ಜಿಡ್ಡೂ ಸೇರುತ್ತದೆ. ಗಾಜಿನ ಮೇಲೆ ಈ ಗುರುತು ಮೇಲ್ಮೈಯಲ್ಲಿಯೇ ನಿಲ್ಲುವುದರಿಂದ ಪುಡಿ ಸವರಿದರೆ ಕಾಣಬಹುದು. ಕಾಗದದಲ್ಲಿ ಅದು ಒಳಕ್ಕಿಳಿಯುತ್ತದೆ. ನಿನ್‌ಹೈಡ್ರಿನ್ ಎಂಬ ರಾಸಾಯನಿಕವು ಅದನ್ನು ನೇರಳೆ ಬಣ್ಣದಲ್ಲಿ ಹೊರಗೆಡಹುತ್ತದೆ. ಚರ್ಮವಾದರೋ ಈ ಎರಡು ವರ್ಗಕ್ಕೂ ಸರಿಯಾಗಿ ಸೇರದು. ಅದಕ್ಕೆ ತನ್ನವೇ ಆದ ರೋಮಕೂಪಗಳು, ನೆರಿಗೆಗಳು. ಹದಮಾಡುವಾಗ ಸೇರಿಸಿದ ಎಣ್ಣೆ, ಬಣ್ಣ. ಮೇಲಾಗಿ ಚರ್ಮವೂ ಪ್ರೋಟೀನಿನಿಂದಾದುದೇ. ಆದ್ದರಿಂದ ನಿನ್‌ಹೈಡ್ರಿನ್ ಬೆರಳ ಗುರುತಿನೊಡನೆ ತೊಗಲಿನ ಮೈಯನ್ನೂ ನೇರಳೆಯಾಗಿಸಿಬಿಡಬಹುದು. ಒಂದು ಜೀವಿಯ ಚರ್ಮದ ಗುರುತನ್ನು ಮತ್ತೊಂದು ಜೀವಿಯ ಚರ್ಮದ ಮೇಲೆ ಹುಡುಕುವ ಕಷ್ಟವಿದು.

ಆದರೂ ದಾರಿಯಿಲ್ಲವೆಂದಲ್ಲ. ಹೊಳಪಿನ ಲೇಪವುಳ್ಳ ನುಣುಪಾದ ಚರ್ಮವಾದರೆ ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಸೈನೋಆಕ್ರಿಲೇಟ್ ಅಂಟನ್ನು, ಎಂದರೆ ನಾವು ಮುರಿದ ಆಟಿಕೆಗಳಿಗೆ ಹಚ್ಚುವ ಫೆವಿಕ್ವಿಕ್ಕಿನ ಜಾತಿಯದನ್ನು, ಕಾಯಿಸಿ ಹಬೆ ಹಾಯಿಸುತ್ತಾರೆ. ತಕ್ಕ ತೇವವಿದ್ದರೆ ಹಬೆಯು ಬೆರಳ ಗುರುತಿನ ಗೆರೆಗಳ ಮೇಲೆ ಬೆಳ್ಳಗೆ ಗಟ್ಟಿಗೊಳ್ಳುತ್ತದೆ. ಒರಟು ತೊಗಲಿನಲ್ಲಿ ಇದು ಫಲಿಸುವುದು ಅಪರೂಪ. ಅಂತಹ ಕಡೆ ಜಾಣ ತಜ್ಞನು ತೊಗಲಿಗೇ ಅಂಟಿಕೊಂಡು ಕೂರದೆ ಚೀಲದ ಲೋಹದ ಗುಂಡಿ, ಬಕಲು, ಒಳಗಿನ ಕಾಗದಪತ್ರಗಳ ಕಡೆಗೂ ಕಣ್ಣು ಹಾಯಿಸುತ್ತಾನೆ.

ಕಾಗದವೆಂದಾಗ ಬಂಗಾಳದ ಜಲಪಾಯ್‌ಗುರಿಯ ಮೊಕದ್ದಮೆ ನೆನಪಾಗುತ್ತದೆ. 1897ರಲ್ಲಿ ಅಲ್ಲಿ ಚಹಾತೋಟದ ವ್ಯವಸ್ಥಾಪಕನೊಬ್ಬನ ಕೊಲೆಯಾಯಿತು. ಅವನ ವಸ್ತುಗಳ ನಡುವೆ ಸಿಕ್ಕ ಪಂಚಾಂಗದ ಮೇಲಿನ ಮಸುಕಾದ ಹೆಬ್ಬೆರಳ ಗುರುತು, ಹಿಂದೆ ಅವನ ಸೇವಕನಾಗಿದ್ದ ಕಾಂಗಾಲಿ ಚರಣನದಕ್ಕೆ ಹೊಂದಿತು. 1898ರಲ್ಲಿ ನ್ಯಾಯಾಲಯವು ಕಳವಿಗೆ ಶಿಕ್ಷೆ ವಿಧಿಸಿತು. ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಈ ವಿವೇಕವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅಚ್ಚು ಹೇಳುವುದು ಮುಟ್ಟಿದವರಾರು ಎಂಬುದನ್ನಷ್ಟೇ. ಯಾವಾಗ, ಯಾವ ಉದ್ದೇಶದಿಂದ ಎಂಬುದನ್ನಲ್ಲ. ಬೇಲಿಯ ಬದಿಯಿಂದ ಚೀಲವನ್ನೆತ್ತಿ ತಂದ ಕುರಿಗಾಹಿ ಹುಡುಗನ ಬೆರಳೂ ಅದರ ಮೇಲಿರುತ್ತದೆ. ಹಾಗೆಯೇ ತೊಗಲಿನ ಮೇಲೆ ಅಚ್ಚು ದೊರೆಯಲಿಲ್ಲವೆಂದ ಮಾತ್ರಕ್ಕೆ ಯಾರೂ ಮುಟ್ಟಲಿಲ್ಲವೆಂದು ಅರ್ಥವಲ್ಲ.

ಇಂತಹ ವಸ್ತು ಕಂಡಾಗ ಪೊಲೀಸರು ಬರುವವರೆಗೆ ಮುಟ್ಟದಿರುವುದೇ ಸರಿ. ಮಳೆಯೋ ದನಗಳ ತುಳಿತವೋ ಒದಗಿ ಎತ್ತಲೇಬೇಕಾದರೆ ಅಂಚಿನಲ್ಲಿ ಹಿಡಿದು, ಒರೆಸದೆ, ಕಾಗದದ ಚೀಲದಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಇಡತಕ್ಕದ್ದು. ಪ್ಲಾಸ್ಟಿಕ್ ಕವರು ಬೇಡ. ಒಳಗೆ ತೇವ ನಿಂತು ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಯಾರು ಯಾರು ಮುಟ್ಟಿದರೆಂಬುದನ್ನು ಮರೆಮಾಚದೆ ಠಾಣೆಯಲ್ಲಿ ತಿಳಿಸಬೇಕು. ಆ ಕುರಿಗಾಹಿಯ ಅಚ್ಚನ್ನು ಕಳ್ಳನದರಿಂದ ಬೇರ್ಪಡಿಸಲು ತಜ್ಞರಿಗೆ ಅದು ಬೇಕಾಗುತ್ತದೆ.