ಹಕ್ಕಿ ಹೆಚ್ಚಿತೋ, ಲೆಕ್ಕ ಹೆಚ್ಚಿತೋ?

ಅಂಡಮಾನಿನ ಪೂರ್ವಕ್ಕೆ, ನಡುಸಮುದ್ರದಲ್ಲಿ ನಾರ್ಕೊಂಡಂ ಅಂತ ಒಂದು ದ್ವೀಪ. ಹಳೇ ಜ್ವಾಲಾಮುಖಿಯ ಮೇಲೆ ಬೆಳೆದ ಕಾಡು. ವಿಸ್ತೀರ್ಣ ಏಳು ಚದರ ಕಿಲೋಮೀಟರಿಗೂ ಕಡಿಮೆ. ಪೊಲೀಸ್ ಠಾಣೆ ಬಿಟ್ಟರೆ ಊರಿಲ್ಲ, ಕೇರಿಯಿಲ್ಲ. ಆದರೆ ನಾರ್ಕೊಂಡಂ ಮಂಗಟ್ಟೆ ಅನ್ನೋ ಹಕ್ಕಿಗೆ ಇಡೀ ಭೂಮಂಡಲದಲ್ಲಿ ಇರುವ ವಿಳಾಸ ಅದೊಂದೇ.

ಈ ಸುದ್ದಿ ಮೈಸೂರಿಗೇಕೆ ಅಂತೀರಾ? ಈಚೆಗೆ ಆ ಹಕ್ಕಿಯ ತಲೆಎಣಿಕೆ ಮಾಡಿದವರು ಮೈಸೂರಿನಲ್ಲಿ ಮುಖ್ಯ ಕಚೇರಿ ಇರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ತಂಡದವರು. 2019ರ ಕೊನೆಯಿಂದ 2020ರ ಆರಂಭದವರೆಗೆ ದ್ವೀಪದಲ್ಲೇ ಬೀಡುಬಿಟ್ಟರು. ಗೊತ್ತುಮಾಡಿದ ಹಾದಿಯಲ್ಲಿ ನಡೆದು, ಕಂಡ ಹಕ್ಕಿ ಎಷ್ಟು, ಎಷ್ಟು ದೂರದಲ್ಲಿತ್ತು ಅಂತ ಬರೆದುಕೊಂಡು ಲೆಕ್ಕ ಕಟ್ಟಿದರು. ಬಂದ ಅಂದಾಜು ಸುಮಾರು 1000. ಹಿಂದಿನ ಅಂದಾಜು 400ರ ಆಸುಪಾಸು.

ಎರಡೂವರೆ ಪಟ್ಟಾಯಿತಲ್ಲ, ಇನ್ನೇನು ಚಿಂತೆ ಅನ್ನಬಹುದು. ಎಡವೋದು ಅಲ್ಲೇ. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೋದ ವರ್ಷ ಒಂದು ಅಳತೆ, ಈ ವರ್ಷ ಇನ್ನೊಂದು ಅಳತೆ ಹಿಡಿದು ದಾಸ್ತಾನು ಬರೆದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ಲಾಭ ಅಂತ ಹೇಳೋಕಾಗುತ್ತಾ? ಈ ಸಾವಿರವೂ ಗಟ್ಟಿ ಅಂಕಿಯಲ್ಲ, ಸುಮಾರು 750ರಿಂದ 1400ರ ನಡುವೆ ಅಂತ ಲೆಕ್ಕ.

ಮತ್ತೆ, ಸಾವಿರ ಹಕ್ಕಿ ಅಂದರೆ ಐನೂರು ಸಂಸಾರ ಅಲ್ಲ. ಗೂಡಿಗೆ ಪೊಟರೆಯಿರುವ ದೊಡ್ಡ ಮರವೇ ಬೇಕು. ಹೆಣ್ಣು ಒಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತೆ. ಸಂದಿಯಲ್ಲಿ ಗಂಡು ಹಣ್ಣು ತಂದು ಉಣಿಸಬೇಕು. ಗಂಡಿಗೆ ಏನಾದರೂ ಆದರೆ ಆ ಸಂಸಾರವೇ ಹೋದಂತೆ.

ಇದೇ ದ್ವೀಪದಲ್ಲಿ ಕೋಸ್ಟ್ ಗಾರ್ಡ್ ರಾಡಾರ್ ಕಟ್ಟಲು ಕೇಳಿದಾಗ, 2012ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇಡ ಅಂದಿತ್ತು. 2014ರಲ್ಲಿ ಅದೇ ಸಚಿವಾಲಯ ಆಗಲಿ ಅಂದಿತು. ದೇಶದ ಗಡಿ ಕಾಯೋದು ಬೇಡ ಅಂತ ಯಾರೂ ಹೇಳೋಲ್ಲ. ಆದರೆ ಸಾವಿರ ಅನ್ನೋ ಅಂಕಿಯನ್ನು ಮರ ಕಡಿಯೋಕೆ ಯಾರಾದರೂ ರಹದಾರಿ ಮಾಡಿಕೊಂಡರೆ ಅದು ಮೋಸ. ಮುಗಿದರೆ ಬೇರೆ ಊರಿಂದ ತರಿಸೋ ಸರಕಲ್ಲ ಇದು.

ಅದೇ ಹಾದಿ, ಅದೇ ತಿಂಗಳು, ಅದೇ ಅಳತೆ ಹಿಡಿದು ಮತ್ತೆ ಮತ್ತೆ ಎಣಿಸಬೇಕು. ಹಕ್ಕಿಯ ಜತೆಗೆ ಗೂಡನ್ನೂ ಎಣಿಸಬೇಕು. ಹೆಚ್ಚಿತೋ ಇಳಿಯಿತೋ ಅನ್ನೋ ಮಾತು ಆಮೇಲೆ.