ಯಾವ ಗೆರೆ ಹಿಡಿಯಬೇಕು?

ಚಂದ್ರಗುತ್ತಿಗೆ ಹೋದವರು ರೇಣುಕಾಂಬೆಯ ಗುಹೆಯನ್ನು ನೋಡುತ್ತಾರೆ. ಕಾಲಲ್ಲಿ ಕಸುವಿದ್ದರೆ ಮೇಲಿನ ಕೋಟೆಯನ್ನೂ ಹತ್ತಿ ಬರುತ್ತಾರೆ. ಆ ಸೀಮೆಗೆ ಹೆಸರು ತಂದ ಇನ್ನೊಂದು ಸಂಗತಿಯೆಂದರೆ ಸೊರಬ, ಸಾಗರಗಳ ಗುಡಿಗಾರರ ಕೆತ್ತನೆ. ಗುಡಿಗಾರರು ಉಳಿ ಹಿಡಿಯುವ ಮೊದಲು ಮರದ ಮೇಲೆ ಗೆರೆ ಎಳೆಯುತ್ತಾರೆ. ಆ ಗೆರೆಯ ಯಾವ ಬದಿಯ ಮರ ಹೋಗಬೇಕು, ಯಾವ ಬದಿಯದು ಉಳಿಯಬೇಕು ಎಂಬುದು ಅವರ ತಲೆಯಲ್ಲಿ ಆಗಲೇ ತೀರ್ಮಾನವಾಗಿರುತ್ತದೆ. ಒಮ್ಮೆ ಹೋದ ಮರ ಮತ್ತೆ ಬರುವುದಿಲ್ಲವಲ್ಲ!

ಇಂದು ಬಾಗಿಲು, ದೇವರ ಮಂಟಪ, ನಾಮಫಲಕಗಳನ್ನು ಕೆತ್ತುವ ಸಿಎನ್‌ಸಿ ಯಂತ್ರಗಳು ತಾಲ್ಲೂಕು ಊರುಗಳಿಗೂ ಬಂದಿವೆ. ‘ಮಗಳು ಕ್ಯಾಡ್-ಕ್ಯಾಮ್ ಕಲಿಯುತ್ತೇನೆ ಎನ್ನುತ್ತಾಳೆ. ಕೆಲಸ ಮಾಡುವುದು ಯಂತ್ರ, ದಾರಿ ಹಾಕುವುದು ಕಂಪ್ಯೂಟರು. ಗುಂಡಿ ಒತ್ತುವುದಕ್ಕೆ ಇಷ್ಟು ವರ್ಷ ಓದಬೇಕೆ?’ ಎಂಬ ಪ್ರಶ್ನೆ ಎಷ್ಟೋ ಪಾಲಕರಲ್ಲಿದೆ. ಉತ್ತರ ಗುಡಿಗಾರರ ಪೆನ್ಸಿಲ್ ಗೆರೆಯಲ್ಲೇ ಇದೆ. ಕಂಪ್ಯೂಟರು ದಾರಿ ಹಾಕುತ್ತದೆ, ನಿಜ. ಆದರೆ ಯಾವ ಗೆರೆಗೆ, ಅದರ ಯಾವ ಬದಿಗೆ ಎಂದು ಹೇಳಬೇಕಾದವರು ಮನುಷ್ಯರು.

ಕೊರೆಯುವ ಕಟರ್ ಸಾಗುವ ದಾರಿಗೆ ಟೂಲ್ ಪಾತ್ ಎಂದು ಹೆಸರು. ನಕ್ಷೆಯಲ್ಲಿರುವ ಗೆರೆ, ಅಂಚು, ಮೇಲ್ಮೈ, ರಂಧ್ರಗಳಲ್ಲಿ ಬೇಕಾದ್ದನ್ನು ಆರಿಸಿ ತೋರಿಸಿದರೆ ಕ್ಯಾಮ್ ಸಾಫ್ಟ್‌ವೇರ್ ಆ ದಾರಿಯನ್ನು ಲೆಕ್ಕ ಹಾಕಿಕೊಡುತ್ತದೆ. ಈ ಆಯ್ಕೆಯಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ಕರಾರುವಾಕ್ಕಾಗಿಯೇ ತಪ್ಪುತ್ತದೆ.

ಒಂದು ಸಣ್ಣ ಕೆಲಸ ತೆಗೆದುಕೊಳ್ಳೋಣ. ಸಾಗುವಾನಿ ಹಲಗೆಯ ಮೇಲೆ ‘ಚಂದ್ರಗುತ್ತಿ’ ಎಂದು ಕೆತ್ತಬೇಕು. ಅದರಲ್ಲಿರುವ ಸೊನ್ನೆಯೊಂದನ್ನೇ ನೋಡಿ. ಕಣ್ಣಿಗೆ ಅದು ಒಂದು ಉಂಗುರ. ಕಂಪ್ಯೂಟರಿಗೆ ಎರಡು ವೃತ್ತ. ಹೊರಗಿನದರ ವ್ಯಾಸ 12 ಮಿ.ಮೀ., ಒಳಗಿನದು 6 ಮಿ.ಮೀ. ಎಂದಿಟ್ಟುಕೊಳ್ಳಿ. ಎರಡರ ನಡುವಿನ ಪಟ್ಟಿಯ ಅಗಲ 3 ಮಿ.ಮೀ.

ಅಕ್ಷರ ತಗ್ಗಾಗಿರಬೇಕಾದರೆ ಈ ಪಟ್ಟಿಯ ಮರ ಮಾತ್ರ ಹೋಗಬೇಕು. ಅದಕ್ಕೆ ಎರಡೂ ವೃತ್ತಗಳನ್ನು ಆರಿಸಬೇಕು: ಹೊರಗಿನದು ಎಲ್ಲೆ, ಒಳಗಿನದು ನಡುಗಡ್ಡೆ. ಒಳಗಿನದನ್ನು ಮರೆತರೆ ನಡುಗಡ್ಡೆಯೂ ಕೊಚ್ಚಿಹೋಗಿ ಸೊನ್ನೆಯ ಜಾಗದಲ್ಲಿ ಬರೀ ಗುಂಡಿ ಉಳಿಯುತ್ತದೆ. ಅಕ್ಷರ ಉಬ್ಬಾಗಿರಬೇಕಾದರೆ ಲೆಕ್ಕ ತಿರುಗುಮುರುಗು. ಆಗ ಹಲಗೆಯ ಅಂಚೇ ಎಲ್ಲೆ, ಅಕ್ಷರಗಳೇ ನಡುಗಡ್ಡೆ. ಸೊನ್ನೆಯ ಒಳಗಿನ ವೃತ್ತವನ್ನು ಮರೆತರೆ ಈ ಸಲ ಅದು ದಪ್ಪ ಚುಕ್ಕಿಯಾಗಿ ನಿಲ್ಲುತ್ತದೆ. ಗೆರೆಗಳು ಅವೇ, ಆಯ್ಕೆ ಬದಲಾದರೆ ಫಲಕವೇ ಬದಲು.

ಇನ್ನು ಗೆರೆಯ ಬದಿ. ಕಟರ್‌ಗೆ ದಪ್ಪವಿದೆ. ಕಂಪ್ಯೂಟರು ನಡೆಸುವುದು ಅದರ ನಡುಬಿಂದುವನ್ನು. 2 ಮಿ.ಮೀ. ಕಟರ್ ಆದರೆ ನಡುಬಿಂದು ಹೊರಗಿನ ಗೋಡೆಯಿಂದ 1 ಮಿ.ಮೀ. ಒಳಗೆ, ಅಂದರೆ 10 ಮಿ.ಮೀ. ವ್ಯಾಸದ ದಾರಿಯಲ್ಲಿ ಸುತ್ತಬೇಕು. ಒಳಗಿನ ಗೋಡೆಯ ಪಕ್ಕದಲ್ಲಿ 8 ಮಿ.ಮೀ. ವ್ಯಾಸದ ಇನ್ನೊಂದು ಸುತ್ತು. ಈ ಎರಡು ಸುತ್ತಿನಲ್ಲಿ ಪಟ್ಟಿ ಪೂರ್ತಿ ತೆರವಾಗುತ್ತದೆ. ಅದರ ಬದಲು ‘ಗೆರೆಯ ಮೇಲೆಯೇ ಹೋಗು’ ಎಂದುಬಿಟ್ಟರೆ? ಸೊನ್ನೆ ಹೊರಗೆ 14 ಮಿ.ಮೀ.ಗೆ ಹಿಗ್ಗುತ್ತದೆ, ಒಳಗೆ 4 ಮಿ.ಮೀ.ಗೆ ಕುಗ್ಗುತ್ತದೆ, ಪಟ್ಟಿಯ ನಡುವೆ 1 ಮಿ.ಮೀ. ದಪ್ಪದ ಗೋಡೆಯೊಂದು ಬೇಡದೆಯೂ ಉಳಿದುಬಿಡುತ್ತದೆ. 4 ಮಿ.ಮೀ. ಕಟರ್ ಕೊಟ್ಟರಂತೂ ಅದು ಆ 3 ಮಿ.ಮೀ. ಓಣಿಯೊಳಗೆ ಇಳಿಯುವುದೇ ಸಾಧ್ಯವಿಲ್ಲ.

ಮೂಲೆಗಳದ್ದು ಇನ್ನೊಂದು ಕತೆ. ಗುಂಡನೆಯ ಕಟರ್ ಒಳಮೂಲೆಯನ್ನು ಚೂಪಾಗಿ ಕೊರೆಯಲಾರದು. 6 ಮಿ.ಮೀ. ಕಟರ್ ಹೋದಲ್ಲಿ ಮೂಲೆಯಲ್ಲಿ ಕನಿಷ್ಠ 3 ಮಿ.ಮೀ. ತ್ರಿಜ್ಯದ ದುಂಡು ಉಳಿಯುತ್ತದೆ. ಬಾಗಿಲಿಗೆ ತಿರುಗುಣಿ ಕೂರಿಸುವ ಚೌಕದ ಗುಂಡಿಯಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಬಡಗಿ ಉಳಿ ತಂದು ಎರಡೇಟು ಹಾಕಿದರೆ ಮೂಲೆ ನೇರವಾಗುತ್ತದೆ. ಕೈಕೆಲಸ ಬಲ್ಲವರಿಗೆ ಯಂತ್ರದ ಪಕ್ಕದಲ್ಲೂ ಬೆಲೆಯಿರುವುದಕ್ಕೆ ಇದು ಒಂದು ಕಾರಣ.

ಒಂದೊಂದೇ ಗೆರೆ ಆರಿಸುತ್ತ ಕೂರಲು ಹೊತ್ತು ಸಾಲದು. ಹಾಗಾಗಿ ಒಂದನ್ನು ಮುಟ್ಟಿದರೆ ಅದಕ್ಕೆ ತಾಗಿದ ಗೆರೆಗಳನ್ನೆಲ್ಲ ಸಾಫ್ಟ್‌ವೇರ್ ಸರಪಳಿಯಂತೆ ಹಿಡಿದುಕೊಳ್ಳುವ ಅನುಕೂಲವಿದೆ. ಚೈನ್ ಎಂದು ಇದನ್ನು ಕರೆಯುತ್ತಾರೆ. ಆದರೆ ಎರಡು ಗೆರೆಗಳ ತುದಿ ಒಂದಿಷ್ಟೇ ಇಷ್ಟು ದೂರವಿದ್ದರೂ, ನಮ್ಮ ಕಣ್ಣಿಗೆ ಕಾಣದಷ್ಟಿದ್ದರೂ, ಸರಪಳಿ ಅಲ್ಲಿಗೆ ಕಡಿಯಬಹುದು. ಒಂದೇ ಗೆರೆ ಎರಡು ಸಲ ಬಿದ್ದಿದ್ದರೆ ಎಲ್ಲಿಗೆ ತಿರುಗಬೇಕೆಂದು ತಿಳಿಯದೆ ಅದು ದಾರಿ ತಪ್ಪುತ್ತದೆ. ಕನ್ನಡದ ಅಕ್ಷರಗಳಲ್ಲಿ ನಮ್ಮದೇ ಒಂದು ತೊಡಕೂ ಇದೆ. ಕೆಲವು ಅಕ್ಷರ ಮಾದರಿಗಳಲ್ಲಿ ಮೂಲ ಅಕ್ಷರ ಒಂದು ಆಕಾರ, ಒತ್ತು ಅಥವಾ ಕೊಂಬು ಇನ್ನೊಂದು ಆಕಾರ. ಒಂದರ ಮೇಲೊಂದು ಹಾಯ್ದಿರುತ್ತವೆ. ‘ದ್ರ’, ‘ತ್ತಿ’ಗಳನ್ನು ಹಾಗೆಯೇ ಕೆತ್ತಲು ಕೊಟ್ಟರೆ ಅಕ್ಷರದ ಹೊಟ್ಟೆಯೊಳಗೇ ಗೆರೆ ಬೀಳುತ್ತದೆ. ಮೊದಲು ಆ ಆಕಾರಗಳನ್ನು ಬೆಸೆದು ಒಂದು ಮಾಡಿ, ಆಮೇಲೆ ಆರಿಸಬೇಕು.

ಸರಪಳಿಗೆ ದಿಕ್ಕೂ ಉಂಟು. ಸಾಮಾನ್ಯ ಕಟರ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಅದು ವಸ್ತುವಿನ ಹೊರ ಅಂಚನ್ನು ಮುಳ್ಳು ಸುತ್ತುವ ದಿಕ್ಕಿನಲ್ಲೇ ಸುತ್ತಿದರೆ ಒಂದು ಬಗೆಯ ಕೊರೆತ, ಎದುರು ದಿಕ್ಕಿನಲ್ಲಿ ಸುತ್ತಿದರೆ ಮತ್ತೊಂದು. ಒಳ ಅಂಚಿನಲ್ಲಿ ಇದು ಅದಲುಬದಲು. ಲೋಹದಲ್ಲಿ ಇದರಿಂದ ಮೇಲ್ಮೈಯ ನುಣುಪು ವ್ಯತ್ಯಾಸವಾಗುತ್ತದೆ. ಮರದಲ್ಲಿ ನಾರಿಗೆ ವಿರುದ್ಧವಾದರೆ ಅಂಚು ಸಿಬಿರೇಳುತ್ತದೆ. ಶ್ರೀಗಂಧದ ತುಂಡಿನಲ್ಲಿ ಹೀಗಾದರೆ ನಷ್ಟ ಎಷ್ಟೆಂದು ಗುಡಿಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮರ ಬಿಟ್ಟು ಲೋಹಕ್ಕೆ ಬಂದರೂ ಪಾಠ ಅದೇ. ಒಂದು ಕಬ್ಬಿಣದ ತಟ್ಟೆಯಲ್ಲಿ ನಲವತ್ತು ರಂಧ್ರಗಳಿವೆ ಎನ್ನಿ. ‘5 ಮಿ.ಮೀ. ವ್ಯಾಸದವನ್ನೆಲ್ಲ ಆರಿಸು’ ಎಂದರೆ ಕ್ಷಣದಲ್ಲಿ ಆರಿಸಿಕೊಡುತ್ತದೆ. ಆದರೆ ಅವುಗಳಲ್ಲಿ ಕೆಲವು ಪಿನ್ನು ಕೂರುವ ನಯವಾದ ರಂಧ್ರಗಳಿರಬಹುದು. ಕೆಲವು 6 ಮಿ.ಮೀ. ಬೋಲ್ಟಿಗೆ ಮರೆ ಕೊಯ್ಯುವ ಮುಂಚಿನ 5 ಮಿ.ಮೀ. ರಂಧ್ರಗಳಿರಬಹುದು. ಕೆಲವು ಆರಪಾರ, ಕೆಲವು ಅರ್ಧಕ್ಕೆ ನಿಲ್ಲುವಂಥವು. ವ್ಯಾಸ ಒಂದೇ, ಕೆಲಸ ಬೇರೆ. ನಕ್ಷೆ ಓದಬಲ್ಲವರಿಗೆ ಮಾತ್ರ ಈ ಭೇದ ತಿಳಿಯುತ್ತದೆ.

ಇದು ಹೊಸ ಸಮಸ್ಯೆಯೇನೂ ಅಲ್ಲ. ಅಮೆರಿಕದ ಎಂಐಟಿಯಲ್ಲಿ ರಂಧ್ರ ಕೊರೆದ ಪಟ್ಟಿಯ ಅಪ್ಪಣೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದ್ದು 1952ರಲ್ಲಿ. ಅಂಥ ಯಂತ್ರಗಳಿಗೆ ಹೇಳಿಕೊಡಲು ಡಗ್ಲಸ್ ರಾಸ್ ಅವರ ತಂಡ ಎಪಿಟಿ ಎಂಬ ಭಾಷೆಯನ್ನು ರೂಪಿಸಿ 1959ರಲ್ಲಿ ಹೊರತಂದಿತು. ಅದರಲ್ಲಿ ಬರೆಯುವವರು ಮೂರು ಮೇಲ್ಮೈಗಳನ್ನು ಹೆಸರಿಸಬೇಕಿತ್ತು: ಕಟರ್‌ನ ತುದಿ ಯಾವುದರ ಮೇಲೆ ನಿಲ್ಲಬೇಕು, ಯಾವುದಕ್ಕೆ ಒತ್ತಿಕೊಂಡು ಸಾಗಬೇಕು, ಯಾವುದು ಎದುರಾದಾಗ ನಿಲ್ಲಬೇಕು. ಇಂದು ಪರದೆಯ ಮೇಲೆ ಮೌಸ್ ಒತ್ತುವವರು ಉತ್ತರಿಸುವುದೂ ಬಹುಮಟ್ಟಿಗೆ ಈ ಮೂರು ಪ್ರಶ್ನೆಗಳನ್ನೇ.

ಹಾಗಾದರೆ ಚಂದ್ರಗುತ್ತಿಯಂಥ ಊರಿನ ಮಕ್ಕಳು ಇದನ್ನು ಕಲಿಯುವುದೆಲ್ಲಿ? ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರ್ಕಾರಿ ಐಟಿಐಗಳನ್ನು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಿದೆ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ಶಿವಮೊಗ್ಗವೂ ಸೇರಿದಂತೆ ಹಲವು ಊರುಗಳಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಬಹುದು; ಮೂರು ವರ್ಷ ಓದು, ಮೇಲೊಂದು ವರ್ಷ ಕಾರ್ಖಾನೆಯ ತರಬೇತಿ.

ಸೇರಿಸುವ ಮುನ್ನ ಪಾಲಕರು ‘ಯಾವ ಸಾಫ್ಟ್‌ವೇರ್ ಕಲಿಸುತ್ತೀರಿ?’ ಎಂದಷ್ಟೇ ಕೇಳಿ ಬರಬಾರದು. ಸಾಫ್ಟ್‌ವೇರುಗಳು ಬದಲಾಗುತ್ತಲೇ ಇರುತ್ತವೆ. ‘ಮಕ್ಕಳಿಗೆ ನಕ್ಷೆ ಓದಲು ಎಷ್ಟು ಹೊತ್ತು ಕೊಡುತ್ತೀರಿ? ಅವರೇ ಗೆರೆ ಆರಿಸಿ, ಅವರೇ ಯಂತ್ರದಲ್ಲಿ ಕೊರೆದು ಅಳತೆ ನೋಡುತ್ತಾರೆಯೇ?’ ಎಂದು ಕೇಳಬೇಕು. ಸಿದ್ಧ ಪ್ರೋಗ್ರಾಂ ಹಾಕಿ ಯಂತ್ರ ಓಡಿಸುವವರಿಗೂ ಪ್ರೋಗ್ರಾಂ ಮಾಡಬಲ್ಲವರಿಗೂ ನಡುವೆ ಇರುವ ಅಂತರ ಇದೇ.

ವಿದ್ಯಾರ್ಥಿಗಳು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಫ್ರೀಕ್ಯಾಡ್ ಎಂಬ ಸಾಫ್ಟ್‌ವೇರ್ ಉಚಿತ. ಕ್ಯಾಮ್ ವಿಭಾಗವೂ ಅದರಲ್ಲಿದೆ. ನಿಮ್ಮ ಊರಿನ ಹೆಸರನ್ನು ಅದರಲ್ಲಿ ಬರೆಯಿರಿ. ಒಮ್ಮೆ ತಗ್ಗು ಅಕ್ಷರಕ್ಕೆ, ಒಮ್ಮೆ ಉಬ್ಬು ಅಕ್ಷರಕ್ಕೆ ಗೆರೆಗಳನ್ನು ಆರಿಸಿ ದಾರಿ ಹಾಕಿಸಿ. ಕೊರೆತ ಹೇಗೆ ನಡೆಯುತ್ತದೆಂದು ಪರದೆಯ ಮೇಲೆಯೇ ಓಡಿಸಿ ನೋಡಬಹುದು. ಸೊನ್ನೆ ಗುಂಡಿಯಾಯಿತೇ, ಚುಕ್ಕಿಯಾಯಿತೇ, ಸೊನ್ನೆಯಾಗಿಯೇ ಉಳಿಯಿತೇ ಪರೀಕ್ಷಿಸಿ. ಅಲ್ಲಿ ಎಷ್ಟು ಸಲ ಕೆಟ್ಟರೂ ಒಂದು ಚಕ್ಕೆ ಮರವೂ ಹಾಳಾಗುವುದಿಲ್ಲ.