ಸರ್ಕಾರಿ ಬಾಕಿ: ಸಂಧಾನದ ಮೇಜಿಗೆ ಸಹಿ ಹಾಕಬಲ್ಲವರು ಬರಲಿ

ಸಿಂಧನೂರಿನ ಎಪಿಎಂಸಿ ಪ್ರಾಂಗಣದಲ್ಲಿ ಭತ್ತದ ತೂಕದ ಬಗ್ಗೆಯೋ ತೇವಾಂಶದ ಬಗ್ಗೆಯೋ ತಕರಾರು ಎದ್ದರೆ, ಸಾಮಾನ್ಯವಾಗಿ ಚೀಲಗಳು ಲಾರಿ ಏರುವ ಮುನ್ನವೇ ಅದು ಇತ್ಯರ್ಥವಾಗುತ್ತದೆ. ಹಿರಿಯ ವರ್ತಕರು ನಾಲ್ವರು ಕೂಡಿ ಮಾತನಾಡುತ್ತಾರೆ, ಉಭಯರೂ ಒಂದಿಷ್ಟು ಬಿಟ್ಟುಕೊಡುತ್ತಾರೆ, ವ್ಯಾಪಾರ ಮುಂದುವರಿಯುತ್ತದೆ. ಖರೀದಿದಾರ ಸರ್ಕಾರವೇ ಆದಾಗ ಮಾತ್ರ ಈ ವಿವೇಕಕ್ಕೆ ಎಡೆಯಿಲ್ಲದಂತಾಗುತ್ತದೆ.

ಇದೇ ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವೇ ನೆಲೆ ಕಲ್ಪಿಸಿದ ಊರುಗಳು. ಅಲ್ಲಿನ ಸಣ್ಣ ವೆಲ್ಡಿಂಗ್ ಘಟಕವೊಂದು ಸರ್ಕಾರಿ ವಿದ್ಯಾರ್ಥಿನಿಲಯಕ್ಕೆ ನೂರು ಕಬ್ಬಿಣದ ಮಂಚಗಳನ್ನು ಪೂರೈಸಿತೆಂದು ಭಾವಿಸಬಹುದು. ಮಂಚಗಳ ಮೇಲೆ ಮಕ್ಕಳು ಮಲಗುತ್ತಿದ್ದಾರೆ; ಮೂರನೆಯ ತಿಂಗಳಲ್ಲಿ ಬಣ್ಣ ಸರಿಯಿಲ್ಲವೆಂಬ ಟಿಪ್ಪಣಿಯೊಂದು ಕಡತ ಸೇರಿ ಬಿಲ್ಲು ನಿಂತಿದೆ. ಮಾಲೀಕನ ಬ್ಯಾಂಕ್ ಸಾಲದ ಬಡ್ಡಿ ಮಾತ್ರ ನಿಂತಿಲ್ಲ. ದಾವೆ ಹೂಡಬೇಕೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಮೊದಲು ಎರಡು ತಿಂಗಳ ನೋಟಿಸ್. ಬಳಿಕ ವಾಯಿದೆಗಳ ಸಾಲು.

ಇಂಥವರಿಗೆಂದೇ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಬೇರೊಂದು ದಾರಿ ತೆರೆದಿದೆ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಸರಕನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಕರಾರಿನಲ್ಲಿ ಏನೇ ಬರೆದಿದ್ದರೂ ಹಣ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ತೆರಬೇಕು. ವ್ಯಾಜ್ಯವನ್ನು ಫೆಸಿಲಿಟೇಷನ್ ಕೌನ್ಸಿಲ್ ಮೊದಲು ಸಂಧಾನಕ್ಕೆ ಒಯ್ಯುತ್ತದೆ. ಸಂಧಾನ ಮುರಿದರೆ ಆರ್ಬಿಟ್ರೇಷನ್. ತೀರ್ಪನ್ನು ಪ್ರಶ್ನಿಸುವ ಖರೀದಿದಾರ 75% ಮೊತ್ತವನ್ನು ಠೇವಣಿ ಇಡಬೇಕು. ಅರ್ಜಿಯನ್ನು 90 ದಿನಗಳಲ್ಲಿ ತೀರ್ಮಾನಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಈ ಗಡುವು ಮೀರುವುದು ಅಪರೂಪವೇನಲ್ಲ, ಆದರೂ ಇಷ್ಟು ಬಲವಾದ ಕಾನೂನು ಸಣ್ಣ ಉದ್ಯಮಿಗೆ ಬೇರೆಲ್ಲೂ ಸಿಗದು.

ಹಾಗಿದ್ದೂ ಸಂಧಾನದ ಹಂತ ಬಹುಪಾಲು ಶಾಸ್ತ್ರಕ್ಕಷ್ಟೇ ಸೀಮಿತವಾಗುವುದೇಕೆ? ಕಾರಣ ಕಾನೂನಿನಲ್ಲಿಲ್ಲ, ಮೇಜಿನ ಆಚೆ ಬದಿಯ ಕುರ್ಚಿಯಲ್ಲಿದೆ. ಇಲಾಖೆಯ ಪರವಾಗಿ ಬರುವವರು ಸಾಮಾನ್ಯವಾಗಿ ಕಡತ ಹೊತ್ತು ತರುವ ಕೆಳಹಂತದ ನೌಕರರು. ಅವರು ಹೇಳಬಲ್ಲದ್ದು 'ಮೇಲಿನವರಿಗೆ ತಿಳಿಸುತ್ತೇವೆ' ಎಂಬ ಒಂದೇ ಮಾತು. ಸರ್ಕಾರ ಪಕ್ಷಗಾರನಾಗಿರುವಲ್ಲಿ ಸಕ್ಷಮ ಪ್ರಾಧಿಕಾರದ ಪೂರ್ವ ಲಿಖಿತ ಒಪ್ಪಿಗೆ ಇಲ್ಲದೆ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲವೆಂದು 2023ರ ಮಧ್ಯಸ್ಥಿಕೆ ಕಾಯ್ದೆಯೂ ವಿಧಿಸಿದೆ. ಒಪ್ಪಿಗೆ ಬೇಕೆಂಬುದು ಸರಿಯೇ. ಆ ಪ್ರಾಧಿಕಾರ ಯಾರು, ಎಷ್ಟು ದಿನದಲ್ಲಿ ಉತ್ತರಿಸಬೇಕು ಎಂಬುದು ಕಚೇರಿಯ ಫಲಕದ ಮೇಲೆ ಕಾಣಬೇಕು. ಅಮೆರಿಕದಲ್ಲಿ 1990ರಷ್ಟು ಹಿಂದೆಯೇ ಕೇಂದ್ರ ಸರ್ಕಾರದ ಪ್ರತಿಯೊಂದು ಸಂಸ್ಥೆಯೂ ವ್ಯಾಜ್ಯ ಪರಿಹಾರಕ್ಕೆಂದು ಹಿರಿಯ ಅಧಿಕಾರಿಯೊಬ್ಬರನ್ನು ಗೊತ್ತುಮಾಡಬೇಕೆಂದು ಕಾನೂನಾಯಿತು.

ಅಧಿಕಾರಿಗಳ ಭಯವನ್ನು ಹಗುರವಾಗಿ ಕಾಣಲಾಗದು. ಇಂದು ಎರಡು ಲಕ್ಷಕ್ಕೆ ರಾಜಿಯಾದವರನ್ನು ನಾಳೆ ಲೆಕ್ಕಪರಿಶೋಧಕರು ಪ್ರಶ್ನಿಸುತ್ತಾರೆ; ಐದು ವರ್ಷ ಎಳೆದು ನಾಲ್ಕು ಲಕ್ಷ ಕಟ್ಟಿದವರನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಅದು 'ಆದೇಶದಂತೆ' ಆದ ಪಾವತಿ. ಪ್ರಶ್ನೆ ತಲೆಕೆಳಗಾಗಿದೆ. ಬಡ್ಡಿಯ ಒಂದು ಭಾಗವನ್ನು ಬಿಟ್ಟು ಅಸಲನ್ನು ಬೇಗ ಪಡೆಯಲು ಸಣ್ಣ ಉದ್ಯಮಿ ಬಹುತೇಕ ಸಿದ್ಧನಿರುತ್ತಾನೆ. ಉಳಿಯುವುದು ಬೊಕ್ಕಸದ ಹಣವೇ. ರಾಜಿಯ ಹೆಸರಿನಲ್ಲಿ ಒಳಒಪ್ಪಂದ ನಡೆದೀತೆಂಬ ಆತಂಕಕ್ಕೂ ಪರಿಹಾರವಿದೆ. ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್ 3ರ ಜ್ಞಾಪನದಲ್ಲಿ ಆರ್ಬಿಟ್ರೇಷನ್ ಷರತ್ತನ್ನು 10 ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವ್ಯಾಜ್ಯಗಳಿಗೆ ಸೀಮಿತಗೊಳಿಸುವಂತೆ ಹೇಳಿ ಸಂಧಾನವನ್ನು ಪ್ರೋತ್ಸಾಹಿಸಿತು. ಇಲಾಖೆಗಳು ಉನ್ನತ ಮಟ್ಟದ ಸಮಿತಿ ರಚಿಸಿಕೊಳ್ಳಬಹುದೆಂದೂ ಸೂಚಿಸಿತು. ಅದು ರಾಜ್ಯದ ಇಲಾಖೆಗಳಿಗೆ ಅನ್ವಯಿಸದು. ಆದರೆ ಜಿಲ್ಲಾ ಮಟ್ಟದಲ್ಲಿ, ರಾಯಚೂರಿನಲ್ಲೇ, ಸಣ್ಣ ಮೊತ್ತಗಳಿಗೆ ಅಂಥದೇ ಸಮಿತಿ ಏಕಾಗಬಾರದು? ಕಾರಣಗಳನ್ನು ಬರೆದಿಟ್ಟು ಮೂವರು ಸಹಿ ಹಾಕಿದ ರಾಜಿಗೆ ಒಬ್ಬನೇ ಅಂಜಬೇಕಾಗಿಲ್ಲ.

ಉದ್ಯಮಿಗಳ ಕಡೆಯ ಲೋಪಗಳೂ ಸಣ್ಣವಲ್ಲ. ಕೇರಳದ ರಾಜ್ಯ ಸಾರಿಗೆ ನಿಗಮಕ್ಕೆ ಟೈರು ಮರುಕಟ್ಟುವ ರಬ್ಬರ್ ಪೂರೈಸಿದ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಕೌನ್ಸಿಲ್ ಮುಂದಿನ ಆರ್ಬಿಟ್ರೇಷನ್‌ಗೂ ಕಾಲಮಿತಿ ಕಾಯ್ದೆ ಅನ್ವಯಿಸುತ್ತದೆಂದು ಹೇಳಿತು. 'ಇಲಾಖೆ ಎಂದಾದರೂ ಕೊಟ್ಟೀತು' ಎಂದು ವರ್ಷಗಟ್ಟಲೆ ಕಾಯುವವನು ಹಕ್ಕನ್ನೇ ಕಳೆದುಕೊಂಡಾನು. ಪೂರೈಕೆಯ ನಂತರ ಮಾಡಿಸಿದ ನೋಂದಣಿ ಹಿಂದಿನ ಬಾಕಿಗೆ ಒದಗದೆಂದೂ ಅದೇ ತೀರ್ಪು ಹೇಳಿತು. ನೋಂದಣಿಯ ಪ್ರಶ್ನೆಯನ್ನು 2025ರ ಜನವರಿಯಲ್ಲಿ ಹಿರಿಯ ಪೀಠಕ್ಕೆ ಒಪ್ಪಿಸಲಾಯಿತಾದರೂ, ಉದ್ಯಮ್ ನೋಂದಣಿಯನ್ನು ಟೆಂಡರಿಗೆ ಮೊದಲೇ ಮುಗಿಸುವುದು ಕ್ಷೇಮ. ಸರಕು ಇಳಿಸಿದ ದಿನವೇ ಮೊಹರು ಸಹಿತ ಸ್ವೀಕೃತಿ ಪಡೆಯದವರಿಗೆ 15 ದಿನಗಳ ನಿಯಮದ ಲಾಭವೂ ಸಿಗದು.

ವರ್ತಕರ ಸ್ಥಿತಿ ಇನ್ನೂ ಇಕ್ಕಟ್ಟಿನದು. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ತೆರೆಯಿತಾದರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತವಾಯಿತು. ತಾನೇ ಮಂಚ ತಯಾರಿಸುವವನಿಗೆ ಇರುವ ಬಾಗಿಲು, ಮಂಚ ಕೊಂಡು ತಂದು ಅದೇ ವಿದ್ಯಾರ್ಥಿನಿಲಯಕ್ಕೆ ಮಾರುವವನಿಗೆ ಇಲ್ಲ. ಜಿಲ್ಲಾ ಸಮಿತಿಗಾಗಿ ವಾಣಿಜ್ಯ ಸಂಸ್ಥೆಗಳು ಸಲ್ಲಿಸುವ ಮನವಿಯ ಮೊದಲ ಸಾಲಿನಲ್ಲೇ ವರ್ತಕರ ಬಾಕಿಯೂ ಸೇರಿರಬೇಕು.